ಮೂರು ತಿಂಗಳು ಮೀಟಿಂಗಿಗೆ ಹೋಗದಿದ್ದರೆ ವಾರ್ಡ್ ಮೆಂಬರ್ ಸೀಟು ಹೋಗುತ್ತದಾ? (ಕಾಸರಗೋಡು)

ಅಡಿಕೆತೋಟ

ಎಲ್ಲರಿಗೂ ನಮಸ್ಕಾರ. ಮಂಜೇಶ್ವರ ತಾಲೂಕಿನವನು. ಪಂಚಾಯತಿನ ಹೆಸರು ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

ನನ್ನ ಅತ್ತಿಗೆ ನಮ್ಮ ವಾರ್ಡಿನ ಮೆಂಬರ್. ಮಹಿಳಾ ಮೀಸಲು ವಾರ್ಡ್, ಮೊದಲ ಸಲ ಗೆದ್ದವರು. ಜುಲೈ ಮೊದಲ ವಾರದಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು. 22 ದಿನ ಮಂಗಳೂರಿನ ಆಸ್ಪತ್ರೆ, ಆಮೇಲೆ ಮನೆ. ಬಲಗೈ, ಬಲಗಾಲು ಏಳುವುದಿಲ್ಲ. ಅಣ್ಣ ತೋಟ ಬಿಟ್ಟು ಬರುವ ಹಾಗಿಲ್ಲ. ಮಳೆ ಎರಡು ದಿನ ಬಿಟ್ಟಾಗಲೇ ಮದ್ದು ಬಿಡದಿದ್ದರೆ ಕೊಳೆರೋಗ ಹಿಡಿದು ವರ್ಷದ ಅಡಿಕೆ ಅಂಗಳಕ್ಕೆ ಬರುವುದಿಲ್ಲ, ನಿಮಗೆಲ್ಲ ಗೊತ್ತು. ನಾನು ಬೆಂಗಳೂರಿನಲ್ಲಿ. ಹಾಗಾಗಿ ಅಮ್ಮನ ಪೂರ್ತಿ ಆರೈಕೆ ಅತ್ತಿಗೆಯ ಮೇಲೆ ಬಿತ್ತು.

ಅವರು ಕೊನೆಗೆ ಸಹಿ ಹಾಕಿದ್ದು ಜೂನ್ 9ರ ಸಭೆಗೆ. ಆಮೇಲೆ ಜುಲೈ 14, ಆಗಸ್ಟ್ 6, ಸೆಪ್ಟೆಂಬರ್ 4. ಈ ಮೂರಕ್ಕೂ ಹೋಗಿಲ್ಲ. ಹಾಗಂತ ವಾರ್ಡಿನ ಕೆಲಸ ನಿಲ್ಲಿಸಿಲ್ಲ. ಪಿಂಚಣಿ ಮಸ್ಟರಿಂಗ್‌ಗೆ (ಪಿಂಚಣಿದಾರರು ಬದುಕಿದ್ದಾರೆ ಅಂತ ಖಾತ್ರಿ ಮಾಡುವುದು) ಜನರನ್ನು ಕಳಿಸಿದ್ದಾರೆ, ಒಂದು ಮನೆಯ ಮೇಲೆ ಮರ ಬಿದ್ದಾಗ ರಾತ್ರಿಯೇ ಓಡಿದ್ದಾರೆ.

ಮೊನ್ನೆ 17ಕ್ಕೆ ಸೆಕ್ರೆಟರಿಯ ಕಾಗದ ಬಂತು. ಮಲಯಾಳಂನಲ್ಲಿ. ಅತ್ತಿಗೆ ಬೆಳ್ತಂಗಡಿಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಫೋಟೋ ಕಳಿಸಿದರು, ನಾನು ಓದಿದೆ. ನೀವು ಸದಸ್ಯರಾಗಿ ಮುಂದುವರಿಯುವುದು ನಿಂತಿದೆ ಎನ್ನುವ ಅರ್ಥ. ಫೋನಿನಲ್ಲಿ ಓದಿ ಹೇಳುವಾಗ ಆ ಕಡೆಯಿಂದ ಸದ್ದೇ ಇಲ್ಲ.

ಹೀಗೆ ಒಂದು ಕಾಗದದಲ್ಲಿ ತೆಗೆದುಹಾಕಲು ಆಗುತ್ತದಾ? ಈಗ ಏನು ಮಾಡಬೇಕು?

ಸುಮ್ನೆ ಓದುವವ

ಅಯ್ಯೋ. ಅಮ್ಮ ಈಗ ಹೇಗಿದ್ದಾರೆ?

ಅಡಿಕೆತೋಟ

ಪರವಾಗಿಲ್ಲ. ಎರಡು ಹೆಜ್ಜೆ ಇಡುತ್ತಾರೆ, ಹಿಡಿದುಕೊಂಡರೆ. ಮಾತು ಸ್ವಲ್ಪ ತೊದಲು.

ಕುಂಬಳೆ ಹೊಳೆ

ಬೇಜಾರು ಮಾಡಬೇಡಿ, ಆದರೆ ಕಾನೂನು ಇರುವುದು ಸರಿಯಾಗಿಯೇ ಇದೆ. ನಮ್ಮ ವಾರ್ಡಿನ ಕಥೆ ಕೇಳಿ. ಗೆದ್ದ ಎರಡನೇ ವರ್ಷಕ್ಕೆ ಮೆಂಬರ್ ಗಲ್ಫಿಗೆ ಹೋದರು. ರಜೆ ಅರ್ಜಿ, ಮಂಜೂರು, ನಡುವೆ ಒಂದು ಸಲ ಬಂದು ಸಹಿ, ಮತ್ತೆ ರಜೆ. ನಮಗೊಂದು ವಾಸ ದೃಢೀಕರಣಕ್ಕೆ ಶಿಫಾರಸು ಬೇಕಿದ್ದರೂ ಪಕ್ಕದ ವಾರ್ಡಿನ ಮೆಂಬರ್ ಕಾಲು ಹಿಡಿಯಬೇಕು. ಅವರು ಯಾಕೆ ಮಾಡುತ್ತಾರೆ? ನಮ್ಮ ವೋಟು ಅವರಿಗಿಲ್ಲ.

ನನ್ನ ಕೇಳಿದರೆ ಮೂರು ತಿಂಗಳೇ ಜಾಸ್ತಿ.

ನಿವೃತ್ತ ಸೆಕ್ರೆಟರಿ

ಅಡಿಕೆತೋಟ ಅವರೇ, ಮೊದಲು ಗಾಬರಿ ಬಿಡಿ. ನಾನು ಮೂರು ಪಂಚಾಯತುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಥ ಕಾಗದಕ್ಕೆ ನಾನೇ ಸಹಿ ಹಾಕಿದ್ದುಂಟು.

ಸಂಗತಿ ಇಷ್ಟು. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್ 35(1)ರಲ್ಲಿ 'ಕೆ' ಎನ್ನುವ ಖಂಡ ಇದೆ. ಪಂಚಾಯತಿನ ಅನುಮತಿ ಇಲ್ಲದೆ ಸತತ ಮೂರು ತಿಂಗಳು ಸಭೆಗೆ ಬಾರದವರು ಸದಸ್ಯರಾಗಿ ಉಳಿಯುವುದಿಲ್ಲ. ಮೂರು ತಿಂಗಳ ಲೆಕ್ಕ ಶುರುವಾಗುವುದು ಅವರು ಕೊನೆಗೆ ಹಾಜರಾದ ಸಭೆಯ ದಿನದಿಂದ. ಗೈರಾದ ಮೊದಲ ಸಭೆಯಿಂದ ಅಲ್ಲ. ಇಲ್ಲೇ ಬಹಳ ಮಂದಿ ಎಡವುವುದು. ಆ ಮೂರು ತಿಂಗಳಲ್ಲಿ ಪಂಚಾಯತು ಮೂರಕ್ಕಿಂತ ಕಡಿಮೆ ಸಲ ಸೇರಿದ್ದರೆ ಆಗ ತಿಂಗಳ ಲೆಕ್ಕ ಬಿಟ್ಟು ಸತತ ಮೂರು ಸಭೆಗಳ ಲೆಕ್ಕ.

ನಿಮ್ಮ ಅತ್ತಿಗೆಯದ್ದು ಜೂನ್ 9ರಿಂದ ಸೆಪ್ಟೆಂಬರ್ 9. ಒಳಗೆ ಮೂರು ಸಭೆ ಬಿದ್ದಿವೆ. ಸೆಪ್ಟೆಂಬರ್ ಸಭೆ 4ರ ಬದಲು 12ಕ್ಕೆ ಇದ್ದು ಅವರು ಬಂದು ಸಹಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ.

ಈಗ ಎರಡು ಪ್ರಶ್ನೆಗೆ ಉತ್ತರ ಕೊಡಿ. ಒಂದು, ರಜೆ ಬೇಕು ಅಂತ ಬರೆದು ಕೊಟ್ಟಿದ್ದಾರಾ? ಎರಡು, ಮೂರೂ ಸಭೆಯ ನೋಟಿಸು ಯಾವ ದಿನ, ಯಾರ ಕೈಗೆ ಸಿಕ್ಕಿತು?

ಅಡಿಕೆತೋಟ

ಸರ್, ಬರೆದು ಕೊಟ್ಟಿಲ್ಲ. ಪ್ರೆಸಿಡೆಂಟರಿಗೆ ಫೋನ್ ಮಾಡಿ ಹೇಳಿದ್ದರಂತೆ. "ಆಯ್ತು, ನೋಡಿಕೊಳ್ಳಿ, ಅಮ್ಮ ಮುಖ್ಯ" ಅಂದರಂತೆ. ಅಷ್ಟು ಸಾಕು ಅಂದುಕೊಂಡರು.

ನೋಟಿಸಿನದ್ದು ಕೇಳಿ ಹೇಳುತ್ತೇನೆ.

ನಿವೃತ್ತ ಸೆಕ್ರೆಟರಿ

ಫೋನಿನಲ್ಲಿ ಕೊಟ್ಟ ರಜೆ ನಡಾವಳಿ ಪುಸ್ತಕದಲ್ಲಿ ಇರುವುದಿಲ್ಲ. ಅನುಮತಿ ಕೊಡಬೇಕಾದದ್ದು ಪಂಚಾಯತು, ಪ್ರೆಸಿಡೆಂಟ್ ಅಲ್ಲ. ಒಂದು ಬಿಳಿ ಹಾಳೆ, ನಾಲ್ಕು ಸಾಲು, ಅಷ್ಟೇ ಬೇಕಿತ್ತು. ಅಜೆಂಡಾದಲ್ಲಿ ಬರುತ್ತದೆ, ಎಲ್ಲರೂ ಹೂಂ ಅನ್ನುತ್ತಾರೆ, ಮುಗಿಯಿತು. ಒಟ್ಟಿಗೆ ಆರು ತಿಂಗಳಿಗಿಂತ ಹೆಚ್ಚು ಕೊಡುವ ಹಾಗಿಲ್ಲ ಅನ್ನುವುದು ಬಿಟ್ಟರೆ ಅದರಲ್ಲಿ ಕಷ್ಟ ಏನೂ ಇಲ್ಲ.

ಕುಂಬಳೆ ಹೊಳೆಯವರ ಮೆಂಬರ್ ಗಲ್ಫಿನಲ್ಲಿ ಕೂತು ಸೀಟು ಉಳಿಸಿಕೊಂಡದ್ದು ಆ ಬಿಳಿ ಹಾಳೆಯಿಂದಲೇ.

ಕುಂಬಳೆ ಹೊಳೆ

ಅದನ್ನೇ ನಾನು ಹೇಳುವುದು. ಅಲ್ಲಿ ಕೂತವನಿಗೆ ಕಾಗದ ಗೊತ್ತು, ಸೀಟು ಉಳಿಯಿತು. ಇಲ್ಲಿ ಅತ್ತೆಯ ಸೇವೆ ಮಾಡಿದವರಿಗೆ ಕಾಗದ ಗೊತ್ತಿಲ್ಲ, ಸೀಟು ಹೋಯಿತು. ಏನು ಚಂದದ ಕಾನೂನು!

ಮಲ್ಲಿಗೆ ಮೊಗ್ಗು

ನಾನೂ ಐದು ವರ್ಷ ಮೆಂಬರ್ ಆಗಿದ್ದವಳು. ಎರಡನೇ ಮಗು ಹುಟ್ಟಿದ್ದು ಆ ಅವಧಿಯಲ್ಲೇ. ಹೆರಿಗೆಯಾಗಿ 34ನೇ ದಿನ ಆಟೋದಲ್ಲಿ ಕೂತು ಮೀಟಿಂಗಿಗೆ ಹೋದೆ. ಮಗುವನ್ನು ಅಮ್ಮ ಹೊರಗೆ ವರಾಂಡದಲ್ಲಿ ಎತ್ತಿಕೊಂಡು ಕೂತಿದ್ದರು. ನನಗೆ ರಜೆ ಅರ್ಜಿ ಅಂತ ಒಂದಿದೆ ಎಂದು ಯಾರೂ ಹೇಳಲಿಲ್ಲ. "ಮೂರು ಸಲ ತಪ್ಪಿಸಬೇಡ" ಅಂತ ಮಾತ್ರ ಪಾರ್ಟಿಯವರು ಹೇಳಿದ್ದರು.

ಅಡಿಕೆತೋಟ ಅಣ್ಣ, ಇನ್ನೊಂದು ನೋಡಿ. ಅತ್ತಿಗೆ ಯಾವ ಸ್ಥಾಯಿ ಸಮಿತಿಯಲ್ಲಿದ್ದಾರೆ? ಆ ಖಂಡದಲ್ಲಿ ಪಂಚಾಯತಿನ ಸಭೆ ಮಾತ್ರ ಅಲ್ಲ, ಸ್ಥಾಯಿ ಸಮಿತಿ ಸಭೆಯೂ ಇದೆ. ದೊಡ್ಡ ಸಭೆಗೆ ತಪ್ಪದೆ ಹೋಗಿ ಸ್ಥಾಯಿ ಸಮಿತಿಯನ್ನು ಸುಮ್ನೆ ಬಿಟ್ಟವರೂ ಸಿಕ್ಕಿಬೀಳಬಹುದು. ಗ್ರಾಮ ಪಂಚಾಯತಿನಲ್ಲಿ ನಾಲ್ಕು ಇರುತ್ತವೆ: ಹಣಕಾಸು, ಅಭಿವೃದ್ಧಿ, ಕ್ಷೇಮಕಾರ್ಯ, ಆರೋಗ್ಯ-ವಿದ್ಯಾಭ್ಯಾಸ.

ಅಡಿಕೆತೋಟ

ಕ್ಷೇಮಕಾರ್ಯ ಅಕ್ಕ. ಅದು ಈ ಮೂರು ತಿಂಗಳಲ್ಲಿ ಒಂದೇ ಸಲ ಸೇರಿದೆಯಂತೆ. ಆ ಕಡೆಯಿಂದ ತೊಂದರೆ ಇಲ್ಲ ಅನಿಸುತ್ತದೆ.

ಪುತ್ತೂರು ಭಾವ

ಗಡಿಯ ಈಚೆಯಿಂದ ಒಂದು ಮಾತು. ನಮ್ಮ ಕರ್ನಾಟಕದಲ್ಲೂ ಸಭೆಗೆ ಬಾರದ ಮೆಂಬರಿನ ಸೀಟು ಹೋಗುವ ನಿಯಮ ಇದೆ. ಆದರೆ ಇಷ್ಟು ತಲೆಬಿಸಿ ಇಲ್ಲಿ ನೋಡಿಲ್ಲ. ಯಾಕೆ ಅಂತ ಯೋಚಿಸಿದೆ. ನಮ್ಮಲ್ಲಿ ಒಂದೊಂದು ವಾರ್ಡಿಗೆ ಇಬ್ಬರು ಮೂವರು ಮೆಂಬರುಗಳು ಇರುತ್ತಾರೆ. 400 ಜನಕ್ಕೆ ಒಬ್ಬರು ಅನ್ನುವ ಲೆಕ್ಕ. ಒಬ್ಬರು ಕಾಣೆಯಾದರೆ ಇನ್ನೊಬ್ಬರ ಮನೆಗೆ ಹೋಗುತ್ತೇವೆ. ಪಾರ್ಟಿ ಚಿಹ್ನೆಯೂ ಇಲ್ಲ, ಕನಿಷ್ಠ ಕಾಗದದ ಮೇಲೆ ಇಲ್ಲ. ನಿಮ್ಮಲ್ಲಿ ವಾರ್ಡಿಗೆ ಒಬ್ಬರೇ, ಅದೂ ಪಾರ್ಟಿ ಚಿಹ್ನೆಯಲ್ಲಿ ಗೆದ್ದವರು. ಒಂದು ಸೀಟು ಅತ್ತಿತ್ತ ಆದರೆ ಆಡಳಿತವೇ ಮಗುಚಬಹುದು. ಹಾಗಾಗಿ ಹಾಜರಿ ಪುಸ್ತಕದ ಮೇಲೆ ಎದುರು ಪಕ್ಷದವರ ಕಣ್ಣು.

ನಮ್ಮಲ್ಲಿ ಇನ್ನೊಂದು ರೋಗ. ಮೆಂಬರ್ ಹೆಂಡತಿ, ಕುರ್ಚಿಯಲ್ಲಿ ಗಂಡ. ಹಾಜರಿ ಮಾತ್ರ ಪಕ್ಕಾ ಇರುತ್ತದೆ, ಪುಸ್ತಕವೇ ಮನೆಗೆ ಬರುತ್ತದೆ!

ಸುಮ್ನೆ ಓದುವವ

ಭಾವ, ಪುಸ್ತಕ ಮನೆಗೆ ಬರುವುದು ಗಡಿಯ ಆಚೆ ಮಾತ್ರ ಅಂದುಕೊಳ್ಳಬೇಡಿ.

ಅಡಿಕೆತೋಟ

ಭಾವ ಹೇಳಿದ್ದು ಸರಿ. ನಮ್ಮಲ್ಲಿ ಆಡಳಿತ ಪಕ್ಷ 8, ವಿರೋಧ 7. ಅತ್ತಿಗೆ ಆ 7ರಲ್ಲಿ ಒಬ್ಬರು. ಈ ಲೆಕ್ಕ ನಾನು ಮೊದಲೇ ಹೇಳಬೇಕಿತ್ತು.

ನೋಟಿಸು ವಿಚಾರ ಕೇಳಿದೆ. ಜುಲೈಯದ್ದು ಅತ್ತಿಗೆಯ ಕೈಗೇ ಬಂದಿದೆ. ಆಗಸ್ಟಿನದ್ದು ಅಣ್ಣನ ಕೈಗೆ, ಜುಲೈ 30ಕ್ಕೆ. ಸೆಪ್ಟೆಂಬರಿನದ್ದೂ ಅಣ್ಣನೇ ತೆಗೆದುಕೊಂಡದ್ದು. ಅವನಿಗೆ ದಿನ ನೆನಪಿಲ್ಲ. ಆದರೆ ಅತ್ತಿಗೆ ಆಗ ಅಮ್ಮನನ್ನು ಕರೆದುಕೊಂಡು ಮಂಗಳೂರಿಗೆ ಫಿಸಿಯೋಥೆರಪಿಗೆ ಹೋಗಿದ್ದರು. ಅಣ್ಣ ನೋಟಿಸಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದಾನೆ. ಸೆಪ್ಟೆಂಬರ್ 1, ಸಂಜೆ 5.40. ಫೋಟೋದಲ್ಲಿ ನೋಟಿಸಿನ ಕೆಳಗೆ ಪ್ಯೂನಿನ ಪುಸ್ತಕದ ಅಂಚು ಕಾಣುತ್ತದೆ, ಅಣ್ಣನ ಸಹಿಯ ಪಕ್ಕ 1/9 ಅಂತ ಅವನೇ ಬರೆದದ್ದು.

ನಿವೃತ್ತ ಸೆಕ್ರೆಟರಿ

ಆ ಫೋಟೋ ಅಳಿಸಬೇಡಿ! ಇಬ್ಬರ ಫೋನಿನಲ್ಲೂ ಇರಲಿ. ಪ್ರಿಂಟು ತೆಗೆಸಿ.

ಸಾಮಾನ್ಯ ಸಭೆಗೆ ಪೂರ್ತಿ 3 ದಿನ ಮುಂಚೆ ನೋಟಿಸು ಕೊಡಬೇಕು. ಪೂರ್ತಿ ಅಂದರೆ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಲೆಕ್ಕಕ್ಕಿಲ್ಲ. 1ರ ಸಂಜೆ ಕೊಟ್ಟು 4ಕ್ಕೆ ಸಭೆ ಅಂದರೆ ನಡುವೆ ಸಿಗುವುದು 2 ಮತ್ತು 3. ಎರಡೇ ದಿನ.

35(1) 'ಕೆ'ಯ ಕೆಳಗೆ ಒಂದು ವಿನಾಯಿತಿ ಇದೆ. ಸದಸ್ಯರಿಗೆ ಸರಿಯಾದ ನೋಟಿಸು ಕೊಡದ ಸಭೆ, ಸಾಮಾನ್ಯ ಸಭೆಗೆ ಬೇಕಾದಷ್ಟು ಮುಂಚೆ ನೋಟಿಸು ಕೊಡದೆ ನಡೆಸಿದ ಸಭೆ, ಮೆಂಬರುಗಳೇ ಬೇಡಿಕೆ ಸಲ್ಲಿಸಿ ಕರೆಸಿದ ಸಭೆ, ಈ ಮೂರು ಬಗೆಯ ಸಭೆಗೆ ಬಾರದಿದ್ದರೆ ಅದನ್ನು ಅವರ ವಿರುದ್ಧ ಎಣಿಸುವ ಹಾಗಿಲ್ಲ. ಹಾಗಾದರೆ ಸೆಪ್ಟೆಂಬರ್ 4 ಬಿಟ್ಟುಹೋಗುತ್ತದೆ. ಉಳಿಯುವುದು ಎರಡು.

ಗೆದ್ದೇ ಗೆಲ್ಲುತ್ತೀರಿ ಅನ್ನುವುದಿಲ್ಲ. ಆದರೆ ನಿಲ್ಲಲು ಗಟ್ಟಿ ನೆಲ ಸಿಕ್ಕಿತು.

ಲಾ ಪಾಯಿಂಟ್

ವಕೀಲಿ ಶುರುಮಾಡಿ ಮೂರು ವರ್ಷ ಆಯಿತು, ಕಾಸರಗೋಡಿನಲ್ಲೇ. ಸೆಕ್ರೆಟರಿ ಸರ್ ಹೇಳಿದ್ದು ಸರಿ ಇದೆ. ನನ್ನದೊಂದು ಪ್ರಶ್ನೆ ಇತ್ತು. ನೋಟಿಸು ಮಲಯಾಳಂನಲ್ಲಿ ಮಾತ್ರ ಇತ್ತಲ್ಲ, ಅದನ್ನೂ ಎತ್ತಬಹುದಲ್ವಾ? 1969ರ ರಾಜ್ಯಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆ.

ನಿವೃತ್ತ ಸೆಕ್ರೆಟರಿ

ಎತ್ತಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ಮುಂದಿಡಬೇಡಿ. ಈಗ ಹೇಳಿದ ವಿನಾಯಿತಿಯಲ್ಲಿ ಭಾಷೆಯ ಹೆಸರಿಲ್ಲ. ಆಮೇಲೆ ಎದುರಿನವರು ಒಂದೇ ಪ್ರಶ್ನೆ ಕೇಳುತ್ತಾರೆ: ಜೂನ್‌ವರೆಗೆ ಇದೇ ಮಲಯಾಳಂ ನೋಟಿಸು ನೋಡಿ ನೀವು ಸಭೆಗೆ ಬರುತ್ತಿದ್ದಿರಲ್ಲ?

ಭಾಷೆಯ ತಕರಾರು ನಿಜವಾದ ತಕರಾರೇ. ನಾನು ಕೆಲಸ ಮಾಡಿದ ಒಂದು ಕಡೆ 15 ಮೆಂಬರುಗಳಲ್ಲಿ 11 ಜನ ಕನ್ನಡದಲ್ಲಿ ಓದಿದವರು. ಸಭೆ ಕನ್ನಡ, ತುಳು, ಮಲಯಾಳಂ, ಬ್ಯಾರಿ ಎಲ್ಲ ಸೇರಿ ನಡೆಯುತ್ತಿತ್ತು. ನಡಾವಳಿ ಮಾತ್ರ ಮಲಯಾಳಂ. ಓದಿ ಹೇಳುವ ಹೊತ್ತಿಗೆ ಚಹಾ ಬರುತ್ತಿತ್ತು, ಎಲ್ಲರೂ ಸಹಿ ಹಾಕುತ್ತಿದ್ದರು. ನಾನೂ ಅದನ್ನು ಬದಲಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಲಾ ಪಾಯಿಂಟ್

ಸರಿ ಸರ್. ಈಗ ದಾರಿ ಎರಡು. ಸೆಕ್ಷನ್ 36ರಂತೆ ಅನರ್ಹತೆಯ ಪ್ರಶ್ನೆ ಬಂದರೆ ತೀರ್ಮಾನಿಸುವುದು ರಾಜ್ಯ ಚುನಾವಣಾ ಆಯೋಗ. ಪಂಚಾಯತಿನ ಯಾವ ಮೆಂಬರೂ, ಮತದಾರರೂ ಅಲ್ಲಿಗೆ ಅರ್ಜಿ ಹಾಕಬಹುದು. ಆಯೋಗ ಇರುವುದು ತಿರುವನಂತಪುರದಲ್ಲಿ. ರಾತ್ರಿ ಮಾವೇಲಿಯೋ ಮಲಬಾರೋ ರೈಲು ಹತ್ತಬೇಕು. ಇನ್ನೊಂದು ಸೆಕ್ಷನ್ 37, ಮರುಸ್ಥಾಪನೆ. ಸೆಕ್ರೆಟರಿಯ ಕಾಗದ ಕೈಗೆ ಬಂದು 15 ದಿನದೊಳಗೆ, ಅಥವಾ ಮುಂದಿನ ಸಭೆಯ ದಿನದೊಳಗೆ, ನನ್ನನ್ನು ಮತ್ತೆ ಸದಸ್ಯಳಾಗಿ ಮಾಡಿ ಅಂತ ಪಂಚಾಯತಿಗೇ ಬರೆದು ಕೊಡಬಹುದು. ಅರ್ಜಿ ಬಂದ ಮೇಲಿನ ಸಭೆಯಲ್ಲಿ ಪಂಚಾಯತು ಮರುಸ್ಥಾಪಿಸಬಹುದು. ಒಂದು ಅವಧಿಯಲ್ಲಿ ಎರಡು ಸಲಕ್ಕಿಂತ ಹೆಚ್ಚು ಆಗುವುದಿಲ್ಲ.

ಕಾಯ್ದೆಯಲ್ಲಿ ಇರುವ ಮಾತು "ಮರುಸ್ಥಾಪಿಸಬಹುದು". "ಮರುಸ್ಥಾಪಿಸಬೇಕು" ಅಂತ ಇಲ್ಲ.

ಅಡಿಕೆತೋಟ

ಅಂದರೆ ಆ 8 ಜನ ಬೇಡ ಅಂದರೆ ಮುಗಿಯಿತು?

ಲಾ ಪಾಯಿಂಟ್

ಅಲ್ಲಿಗೆ ಆ ದಾರಿ ಮುಗಿಯುತ್ತದೆ. ಆಗ ನೋಟಿಸಿನ ವಾದ ಹಿಡಿದು ಆಯೋಗ.

ಅಡಿಕೆತೋಟ

ಅತ್ತಿಗೆಗೆ ಒಂದು ಅನುಮಾನ. ಮರುಸ್ಥಾಪಿಸಿ ಅಂತ ಅರ್ಜಿ ಕೊಟ್ಟರೆ ಸೀಟು ಹೋಗಿದೆ ಅಂತ ನಾವೇ ಒಪ್ಪಿದ ಹಾಗೆ ಆಗುವುದಿಲ್ವಾ? ನೋಟಿಸಿನ ವಾದ ಆಮೇಲೆ ನಿಲ್ಲುತ್ತದಾ?

ನಿವೃತ್ತ ಸೆಕ್ರೆಟರಿ

ನಿಮ್ಮ ಅತ್ತಿಗೆಗೆ ಅಕ್ಷರ ಬಾರದಿದ್ದರೇನು, ಬುದ್ಧಿ ಚುರುಕಾಗಿದೆ. ಹೀಗೆ ಬರೆಯಿರಿ. ಮೊದಲ ಪ್ಯಾರಾ: ಸೆಪ್ಟೆಂಬರ್ 4ರ ಸಭೆಗೆ ಪೂರ್ತಿ 3 ದಿನದ ನೋಟಿಸು ಸಿಕ್ಕಿಲ್ಲ, ಆದ್ದರಿಂದ ನನ್ನ ಸದಸ್ಯತ್ವ ಹೋಗಿಲ್ಲ ಎಂದೇ ನನ್ನ ನಿಲುವು. ಎರಡನೇ ಪ್ಯಾರಾ: ಈ ನಿಲುವಿಗೆ ಧಕ್ಕೆ ಬಾರದಂತೆ, ಒಂದು ವೇಳೆ ಹೋಗಿದೆ ಎಂದು ತಾವು ಭಾವಿಸಿದರೆ, ದಯವಿಟ್ಟು ಮರುಸ್ಥಾಪಿಸಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಲಗತ್ತಿಸಿ.

ದಿನ ನೋಡಿಕೊಳ್ಳಿ. 17ಕ್ಕೆ ಕಾಗದ ಬಂದಿದ್ದರೆ 15 ದಿನ ಅಂದರೆ ಅಕ್ಟೋಬರ್ 2. ಗಾಂಧಿ ಜಯಂತಿ, ಕಚೇರಿಗೆ ಬೀಗ. ಅಲ್ಲಿಯವರೆಗೆ ಕಾಯಬೇಡಿ. ನಾಳೆಯೇ ಕೊಡಿ. ಕೊಟ್ಟ ಮೇಲೆ ರಸೀದಿ ತೆಗೆದುಕೊಳ್ಳಿ. ರಸೀದಿ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ.

ಲೆಸ್ಟರ್ ಮಳೆ

ಇಂಗ್ಲೆಂಡಿನಿಂದ, ಮೂಲ ಬದಿಯಡ್ಕ. ಓದುತ್ತಾ ಓದುತ್ತಾ ಇಲ್ಲಿಯದ್ದು ನೆನಪಾಯಿತು. ಇಲ್ಲಿ 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಸೆಕ್ಷನ್ 85. ಸತತ ಆರು ತಿಂಗಳು ಯಾವ ಸಭೆಗೂ ಬಾರದ ಕೌನ್ಸಿಲರ್ ತಾನಾಗಿಯೇ ಹೊರಗೆ. ಕಮಿಟಿ, ಸಬ್ ಕಮಿಟಿ ಸಭೆಗೆ ಹೋದರೂ ಹಾಜರಿ ಸಿಗುತ್ತದೆ. ಐದು ತಿಂಗಳು ಕಳೆದು ಒಂದು ಸಂಜೆ ಬಂದು ಕೂತರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ನಿಮ್ಮದಕ್ಕಿಂತ ಸಡಿಲ.

ಆದರೆ ಒಂದು ಕಡೆ ನಿಮ್ಮದಕ್ಕಿಂತ ಬಿಗಿ. ಗೈರಿಗೆ ಕಾರಣ ಇದೆ ಅಂದರೆ ಆರು ತಿಂಗಳು ಮುಗಿಯುವ ಮುಂಚೆಯೇ ಕೌನ್ಸಿಲ್ ಒಪ್ಪಿಗೆ ಕೊಟ್ಟಿರಬೇಕು. ಮುಗಿದ ಮೇಲೆ ಕ್ಯಾನ್ಸರ್ ಅಂದರೂ ಕೇಳುವುದಿಲ್ಲ. ಮರುಸ್ಥಾಪನೆ ಅನ್ನುವುದೇ ಇಲ್ಲ. ಕೊರೊನಾ ಹೊತ್ತಿನಲ್ಲಿ ಆನ್‌ಲೈನ್ ಸಭೆ ಬಿಟ್ಟಿದ್ದರು, 2021ರ ಮೇಯಲ್ಲಿ ಇಂಗ್ಲೆಂಡಿನಲ್ಲಿ ಅದೂ ನಿಂತಿತು. ವೇಲ್ಸಿನಲ್ಲಿ ಈಗಲೂ ಉಂಟು. ಅತ್ತೆಯ ಮಂಚದ ಪಕ್ಕ ಕೂತು ಮೊಬೈಲಿನಲ್ಲಿ ಸಭೆಗೆ ಸೇರುವ ಹಾಗಿದ್ದರೆ ನಿಮ್ಮ ಅತ್ತಿಗೆಗೆ ಈ ಪಾಡು ಇರುತ್ತಿರಲಿಲ್ಲ ಅಲ್ವಾ.

ಕುಂಬಳೆ ಹೊಳೆ

ಮೊಬೈಲಿನಲ್ಲಿ ಬಿಟ್ಟರೆ ನಮ್ಮ ಮೆಂಬರ್ ದುಬೈನಿಂದಲೇ ಐದು ವರ್ಷ ಮುಗಿಸುತ್ತಾರೆ. ಬೇಡಪ್ಪಾ.

ಲಾ ಪಾಯಿಂಟ್

ಇಲ್ಲೊಂದು ತಮಾಷೆ ನೋಡಿ. ವಾರ್ಡ್ ಮೆಂಬರ್ ಮೂರು ತಿಂಗಳು ಬಾರದಿದ್ದರೆ ಸೀಟು ತಾನಾಗಿಯೇ ಹೋಗುತ್ತದೆ. ಎಂಪಿ ಬಾರದಿದ್ದರೆ? ಸಂವಿಧಾನದ 101(4)ನೇ ವಿಧಿ. ಅನುಮತಿ ಇಲ್ಲದೆ 60 ದಿನ ಗೈರಾದರೆ ಸದನ ಸೀಟು ಖಾಲಿ ಎಂದು ಘೋಷಿಸಬಹುದು. ಮತ್ತೆ ಅದೇ "ಬಹುದು". ಆ 60 ದಿನದಲ್ಲಿ ಅಧಿವೇಶನ ಮುಗಿದ ದಿನಗಳು ಸೇರುವುದಿಲ್ಲ. ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ್ದರೆ ಅದೂ ಸೇರುವುದಿಲ್ಲ. ಶಾಸಕರಿಗೆ 190(4), ಅದೇ ಮಾತು.

ಲೋಕಸಭೆಯಲ್ಲಿ ಗೈರುಹಾಜರಿಗೆಂದೇ ಒಂದು ಸಮಿತಿ ಇದೆ. ಪಂಜಾಬಿನ ಖದೂರ್ ಸಾಹಿಬ್‌ನಿಂದ 2024ರಲ್ಲಿ ಗೆದ್ದ ಅಮೃತ್‌ಪಾಲ್ ಸಿಂಗ್ ದಿಬ್ರೂಗಢ ಜೈಲಿನಲ್ಲಿದ್ದಾಗ ಅವರ 54 ದಿನದ ಗೈರಿಗೆ 2025ರ ಮಾರ್ಚಿನಲ್ಲಿ ರಜೆ ಸಿಕ್ಕಿತು. ಅವರ ರಾಜಕೀಯ ನನಗೆ ಬೇಡ. ನಾನು ಹೇಳುವುದು ವ್ಯವಸ್ಥೆಯ ಬಗ್ಗೆ. ಅಲ್ಲಿ ದಿನ ಎಣಿಸುವವರು, ಕಾರಣ ಕೇಳುವವರು, ಶಿಫಾರಸು ಬರೆಯುವವರು ಎಲ್ಲ ಇದ್ದಾರೆ. ಇಲ್ಲಿ ಒಬ್ಬ ಪ್ಯೂನ್, ಒಂದು ಪುಸ್ತಕ.

ಪುತ್ತೂರು ಭಾವ

ಜೈಲು ಅಂದಾಗ ನೆನಪಾಯಿತು. 2015ರಲ್ಲಿ ಕಣ್ಣೂರಿನಲ್ಲಿ ಒಬ್ಬರು ಜಿಲ್ಲಾ ಪಂಚಾಯತು ಪ್ರೆಸಿಡೆಂಟ್ ಆದರಲ್ಲ, ಜಾಮೀನಿನ ಷರತ್ತಿನಿಂದ ಸ್ವಂತ ಜಿಲ್ಲೆಗೇ ಬರುವ ಹಾಗಿರಲಿಲ್ಲ. ಆಮೇಲೆ 2016ರಲ್ಲಿ ರಾಜೀನಾಮೆ ಕೊಟ್ಟರು. ಪೇಪರಿನಲ್ಲಿ ಓದಿ ನಕ್ಕಿದ್ದೆವು.

ಮಲ್ಲಿಗೆ ಮೊಗ್ಗು

ನೀವೆಲ್ಲ ದೆಹಲಿ, ಲಂಡನ್ ಸುತ್ತಿ ಬಂದಿರಿ. ನಾನೊಂದು ಹೇಳಲಾ? ನಮ್ಮ ಅವಧಿಯಲ್ಲಿ ಒಬ್ಬರು ಹಿರಿಯ ಮೆಂಬರ್ ಇದ್ದರು. ಐದು ವರ್ಷದಲ್ಲಿ ಒಂದೂ ಸಭೆ ತಪ್ಪಿಸಿಲ್ಲ. ಹತ್ತೂವರೆಗೆ ಬರುತ್ತಿದ್ದರು, ಸಹಿ ಹಾಕುತ್ತಿದ್ದರು, ಕನ್ನಡಕ ಜೇಬಿಗೆ ಹಾಕಿ ಎದುರಿನ ಹೋಟೆಲಿಗೆ ಹೋಗುತ್ತಿದ್ದರು. ಗೋಳಿಬಜೆ ತಿಂದು ಬಸ್ಸು ಹತ್ತುತ್ತಿದ್ದರು. ಪುಸ್ತಕದಲ್ಲಿ ಅವರೇ ನಂಬರ್ ಒನ್. ಅವರು ಒಂದು ಸಲ ಬಾಯಿ ತೆರೆದದ್ದು ನನಗೆ ನೆನಪಿಲ್ಲ.

ನಾನು ಬಾಣಂತಿ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಬಂದು ಕೂತ ದಿನ ಕುಡಿಯುವ ನೀರಿನ ಪೈಪಿಗೆ ಮೂರು ವಾರ್ಡ್ ಸೇರಿಸಿ ದುಡ್ಡು ಹಾಕಿಸಿದೆ. ಪುಸ್ತಕದಲ್ಲಿ ಇಬ್ಬರದ್ದೂ ಒಂದೊಂದೇ ಸಹಿ.

ಕುಂಬಳೆ ಹೊಳೆ

ಅಕ್ಕ, ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆದರೂ ಸಹಿ ಬಿಟ್ಟು ಬೇರೆ ಯಾವುದನ್ನು ಅಳೆಯುತ್ತೀರಿ? ಯಾರು ಅಳೆಯುವುದು?

ನಿವೃತ್ತ ಸೆಕ್ರೆಟರಿ

ಅಳೆಯುವುದಿದ್ದರೆ ಗ್ರಾಮಸಭೆ ಇದೆ. ನಮ್ಮಲ್ಲಿ ವಾರ್ಡಿಗೊಂದು ಗ್ರಾಮಸಭೆ, ಕರೆಯಬೇಕಾದ ಸಂಚಾಲಕ ವಾರ್ಡ್ ಮೆಂಬರೇ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ನೂರಕ್ಕೆ 10 ಜನ ಇರಬೇಕು. ಸತತ ಎರಡು ಸಲ ಕರೆಯದಿದ್ದರೆ ಅದಕ್ಕೂ ಸದಸ್ಯತ್ವ ಹೋಗುವ ನಿಯಮ ಇದೆ. ಅದು ಯಾರಿಗೂ ನೆನಪಾಗುವುದಿಲ್ಲ, ಯಾಕೆಂದರೆ ಅಲ್ಲಿ ಎರಡೂ ಪಕ್ಷದವರು ಸಮಾನ ಪಾಪಿಗಳು.

ಕುಂಬಳೆ ಹೊಳೆಯವರೇ, ನಿಮ್ಮ ಗಲ್ಫ್ ಮೆಂಬರ್ ಗ್ರಾಮಸಭೆ ಕರೆದದ್ದರ ದಾಖಲೆ ಕೇಳಿ ನೋಡಿ.

ಕುಂಬಳೆ ಹೊಳೆ

ಓಹೋ. ಇದು ಗೊತ್ತಿರಲಿಲ್ಲ. ನಾಳೆಯೇ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಧನ್ಯವಾದ ಸರ್.

ಸುಮ್ನೆ ಓದುವವ

ಒಂದು ಡೌಟು. ಸೀಟು ಹೋದರೆ ಆರು ವರ್ಷ ನಿಲ್ಲುವ ಹಾಗಿಲ್ಲ ಅಂತಾರಲ್ಲ?

ಲಾ ಪಾಯಿಂಟ್

ನೀವು ಹೇಳುವುದು ಪಕ್ಷಾಂತರದ್ದು. ಅದಕ್ಕೆ 1999ರ ಬೇರೆ ಕಾಯ್ದೆ ಇದೆ, ಆ ಆರು ವರ್ಷ ಅದರಲ್ಲಿ ಬರುವುದು. ಗೈರುಹಾಜರಿಗೆ ಅದನ್ನು ಕಲಸಬೇಡಿ.

ಅಡಿಕೆತೋಟ

ಇವತ್ತು ಅರ್ಜಿ ಕೊಟ್ಟಾಯಿತು. ನಾನು ಶನಿವಾರದ ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದೆ. ಕನ್ನಡದಲ್ಲಿ ಬರೆದು, ಮಲಯಾಳಂನಲ್ಲೂ ಒಂದು ಪ್ರತಿ ಮಾಡಿ, ಎರಡನ್ನೂ ಪಿನ್ ಹೊಡೆದು ಕೊಟ್ಟೆವು. ಸೆಕ್ಷನ್ ಕ್ಲರ್ಕ್ "ಇದೆಲ್ಲ ಯಾಕೆ, ಸಭೆಯಲ್ಲಿ ನೋಡೋಣ" ಅಂದರು. ಅತ್ತಿಗೆ ಕೌಂಟರಿನಿಂದ ಅಲ್ಲಾಡಲಿಲ್ಲ. "ರಸೀದಿ ಕೊಡಿ" ಅಂತ ನಾಲ್ಕು ಸಲ ಹೇಳಿದರು. ನಾಲ್ಕನೇ ಸಲ ಮಲಯಾಳಂನಲ್ಲಿ.

ಸಭೆ 26ಕ್ಕೆ ಅಂತ ನೋಟಿಸು ಹೋಗಿದೆಯಂತೆ. ಅತ್ತಿಗೆಗೆ ಬಂದಿಲ್ಲ, ಅವರ ಲೆಕ್ಕದಲ್ಲಿ ಅತ್ತಿಗೆ ಈಗ ಮೆಂಬರ್ ಅಲ್ಲವಲ್ಲ.

ಮಲ್ಲಿಗೆ ಮೊಗ್ಗು

ಅಣ್ಣ, 26ರ ಬೆಳಿಗ್ಗೆ ಅತ್ತಿಗೆ ಅಲ್ಲಿ ಇರಲಿ. ಒಳಗೆ ಬಿಡದಿದ್ದರೆ ವರಾಂಡದಲ್ಲಿ ಕೂತಿರಲಿ. ನನ್ನ ಅಮ್ಮ ಕೂತ ಬೆಂಚು ಈಗಲೂ ಎಲ್ಲ ಪಂಚಾಯತಿನಲ್ಲೂ ಇರುತ್ತದೆ.

ಅಡಿಕೆತೋಟ

26, ರಾತ್ರಿ. ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಅತ್ತಿಗೆ ಹತ್ತು ಗಂಟೆಗೇ ಹೋಗಿ ವರಾಂಡದಲ್ಲಿ ಕೂತರು. ಅಣ್ಣ ಅಮ್ಮನ ಹತ್ತಿರ. ತೋಟಕ್ಕೆ ಮದ್ದು ಬಿಡುವವರನ್ನು ಇವತ್ತು ಬೇಡ ಅಂತ ವಾಪಸ್ ಕಳಿಸಿದನಂತೆ, ಹೊರಗೆ ಒಳ್ಳೆ ಬಿಸಿಲು ಬೇರೆ.

ಅಜೆಂಡಾ ಹೊರಗೆ ಅಂಟಿಸಿದ್ದರು. ಎಂಟನೇ ವಿಷಯ ಅತ್ತಿಗೆಯ ಅರ್ಜಿ. ಏಳನೇ ವಿಷಯ ಆಡಳಿತ ಪಕ್ಷದ ಒಬ್ಬ ಮೆಂಬರಿಗೆ ವಿದೇಶಕ್ಕೆ ಹೋಗಲು ಐದು ತಿಂಗಳ ರಜೆ. ಅವರು ಹೋದರೆ 8 ಅನ್ನುವುದು ಐದು ತಿಂಗಳು 7 ಆಗುತ್ತದೆ. ವಿರೋಧದವರು ಏಳನೆಯದಕ್ಕೆ ಗಲಾಟೆ ಮಾಡುವುದು, ಆಡಳಿತದವರು ಎಂಟನೆಯದಕ್ಕೆ ಬೇಡ ಅನ್ನುವುದು ಅಂತ ಎಲ್ಲರೂ ಸಿದ್ಧವಾಗಿ ಬಂದಿದ್ದರಂತೆ. ಆರನೇ ವಿಷಯ ಮುಗಿದ ಮೇಲೆ ಚಹಾಕ್ಕೆ ಬಿಟ್ಟರು. ಹದಿನೈದು ನಿಮಿಷದ ಚಹಾ ಮುಕ್ಕಾಲು ಗಂಟೆ ಆಯಿತು. ಎರಡೂ ಕಡೆಯ ಲೀಡರುಗಳು ಹಿಂದಿನ ತೆಂಗಿನಮರದ ಹತ್ತಿರ ನಿಂತು ಮಾತಾಡುವುದು ಬೆಂಚಿನಿಂದ ಕಾಣುತ್ತಿತ್ತು.

ಆಮೇಲೆ ಏಳು, ಎಂಟು ಎರಡೂ ಎರಡೇ ನಿಮಿಷದಲ್ಲಿ ಪಾಸು. ಸರ್ವಾನುಮತ.

ನೋಟಿಸಿನ ಎರಡು ದಿನದ ಮಾತು ಯಾರೂ ಎತ್ತಲೇ ಇಲ್ಲ.

ಲಾ ಪಾಯಿಂಟ್

ಅಯ್ಯೋ, ನನ್ನ ಪಾಯಿಂಟ್ ವೇಸ್ಟ್ ಆಯಿತು. ಆದರೂ ಖುಷಿಯಾಯಿತು, ಅತ್ತಿಗೆಗೆ ಹೇಳಿ.

ಕುಂಬಳೆ ಹೊಳೆ

ಅಡಿಕೆತೋಟ ಅವರೇ, ಅತ್ತಿಗೆಯ ಸೀಟು ಉಳಿದದ್ದಕ್ಕೆ ಸಂತೋಷ. ಆದರೆ ಆ ಏಳನೇ ವಿಷಯದ ವಾರ್ಡಿನ ಜನ ಐದು ತಿಂಗಳು ಯಾರ ಹತ್ತಿರ ಹೋಗಬೇಕು?

ಅಡಿಕೆತೋಟ

ಅತ್ತಿಗೆಯ ಹತ್ತಿರ. ಪಕ್ಕದ ವಾರ್ಡೇ. ಸಂಜೆಯೇ ಇಬ್ಬರು ಬಂದಿದ್ದರು, ಒಬ್ಬರಿಗೆ ಮನೆ ತೆರಿಗೆಯದ್ದು, ಇನ್ನೊಬ್ಬರಿಗೆ ದಾರಿದೀಪ.

ನಿವೃತ್ತ ಸೆಕ್ರೆಟರಿ

ತೀರ್ಮಾನದ ಪ್ರತಿ ತೆಗೆದುಕೊಂಡಿರಾ?

ಅಡಿಕೆತೋಟ

ಸೋಮವಾರ ಕೊಡುತ್ತೇವೆ ಅಂದಿದ್ದಾರೆ ಸರ್. ಪ್ರತಿ ಬೇಕು ಅಂತ ಬರೆದು ಕೊಟ್ಟಿದ್ದೇವೆ. ರಸೀದಿ ಇದೆ, ಸೀಲು ಸ್ವಲ್ಪ ಮಸುಕಾಗಿದೆ.